ಪೆನ್ಸಿಲ್ ಗೆರೆಯ ಮೇಲಿದ್ದ ಕಾಲೇಜು

ಕಳೆದ ವರ್ಷ ಜೂನ್ ತಿಂಗಳ ಎರಡನೆಯ ಗುರುವಾರ, ನಾನು ಕೆಲಸ ಮಾಡುವ ದಿನಪತ್ರಿಕೆಯ ಹನ್ನೊಂದನೆಯ ಪುಟದಲ್ಲಿ ಒಂದು ಕೋಷ್ಟಕ ಅಚ್ಚಾಯಿತು. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಹೆಸರು, ಊರು, ವರ್ಷದ ಶುಲ್ಕ, ಹಿಂದಿನ ವರ್ಷ ಅಲ್ಲಿ ಸೀಟು ಪಡೆದ ಕೊನೆಯ ಸಿಇಟಿ ರ‍್ಯಾಂಕ್ ಎಂದು ನಾಲ್ಕು ಕಾಲಂ. ನಾನು ಕಳಿಸಿದ್ದು ಐದು ಕಾಲಂ. ಐದನೆಯದರಲ್ಲಿ, ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇರುವ ಸ್ಥಳೀಯ ಮೀಸಲಾತಿಯಲ್ಲಿ ಸೀಟು ಪಡೆದ ಕೊನೆಯ ರ‍್ಯಾಂಕ್ ಇತ್ತು.

ಈ ಎರಡು ರ‍್ಯಾಂಕ್‌ಗಳ ನಡುವಿನ ಅಂತರ ಸಣ್ಣದಲ್ಲ. ಪಕ್ಕದ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಸಾಮಾನ್ಯ ಪಟ್ಟಿ ಇಪ್ಪತ್ತು ಸಾವಿರ ದಾಟಿದ ಕೂಡಲೇ ಮುಗಿದಿತ್ತು. ಸ್ಥಳೀಯ ಪಟ್ಟಿ ಅರವತ್ತು ಸಾವಿರದ ಹತ್ತಿರ ಬಂದು ನಿಂತಿತ್ತು. ಸೇಡಂ, ಚಿಂಚೋಳಿ, ಚಿತ್ತಾಪುರ, ಶಹಾಬಾದಿನ ಮಗುವಿಗೆ ಬೇಕಾದ ಅಂಕಿ ಎರಡನೆಯದು. ಅಚ್ಚಾದದ್ದು ಮೊದಲನೆಯದು. ಅದರ ತಲೆಯ ಮೇಲೆ ‘ಸಾಮಾನ್ಯ ಪಟ್ಟಿ’ ಎಂಬ ಮಾತು ಕೂಡ ಉಳಿದಿರಲಿಲ್ಲ. ‘ಕೊನೆಯ ರ‍್ಯಾಂಕ್’ ಎಂದಷ್ಟೇ ಇತ್ತು.

ಕಾಲಂ ತೆಗೆದದ್ದು ಪುಟ ಕಟ್ಟುವ ಬೆಂಗಳೂರಿನ ಡೆಸ್ಕ್. ಅದೇ ಪುಟದ ಬಲಬದಿಗೆ ಒಂದು ಖಾಸಗಿ ಕಾಲೇಜಿನ ಜಾಹೀರಾತು ಕೊನೆಯ ಗಳಿಗೆಯಲ್ಲಿ ಬಂದಿತ್ತು, ಕೋಷ್ಟಕ ಅಷ್ಟು ಅಗಲ ಇರುವಂತಿರಲಿಲ್ಲ. ಕೋಷ್ಟಕ ಕಿರಿದಾದ ಪುಟದ ಚಿತ್ರ ಒಪ್ಪಿಗೆಗಾಗಿ ನನ್ನ ಮೊಬೈಲಿಗೆ ಬಂದಾಗ ನಾನು ಚಿತ್ತಾಪುರದಲ್ಲಿ ಒಂದು ಸಭೆಯ ವರದಿಗೆ ಕುಳಿತಿದ್ದೆ. ಶುಲ್ಕದ ಅಂಕಿಗಳನ್ನು ಹಿಗ್ಗಿಸಿ ನೋಡಿ ‘ಸರಿ’ ಎಂದು ಉತ್ತರ ಕಳಿಸಿದೆ. ಅಂಕಿಗಳು ಸರಿಯಾಗಿಯೇ ಇದ್ದವು. ಕಾಲಂಗಳನ್ನು ನಾನು ಎಣಿಸಲಿಲ್ಲ.

ಶುಲ್ಕದ ಅಂಕಿಗಳ ಮೇಲೆ ನನಗೆ ಅಷ್ಟು ಕಣ್ಣು ಏಕೆಂದರೆ, ಅವನ್ನು ಸಂಗ್ರಹಿಸುವುದು ಕಷ್ಟದ ಕೆಲಸ. ಸರ್ಕಾರ ನಿಗದಿ ಮಾಡಿದ ಶುಲ್ಕ ಕಾಗದದ ಮೇಲಿರುತ್ತದೆ. ಕೌಂಟರಿನಲ್ಲಿ ಕೇಳುವ ಶುಲ್ಕ ಬೇರೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ನಾನು ಕಾಲೇಜುಗಳಿಗೆ ಹೋಗಿ ಸಾಲಿನಲ್ಲಿ ನಿಂತು ಕೇಳುತ್ತೇನೆ. ಒಂದು ಕಡೆ ಗುಮಾಸ್ತರು ನನ್ನ ಕೈಯಲ್ಲಿದ್ದ ನೋಟ್‌ಪುಸ್ತಕ ನೋಡಿ, ಪಾಲಕರಾಗಿ ಬಂದೀರೋ ಪೇಪರಿನವರಾಗಿ ಬಂದೀರೋ ಎಂದು ವಿಚಾರಿಸಿದರು. ವ್ಯತ್ಯಾಸವೇನು ಎಂದೆ. “ಪಾಲಕರಿಗಾದ್ರ ಪೂರಾ ಹೇಳ್ತೀವ್ರಿ,” ಎಂದರು. ಅಭಿವೃದ್ಧಿ ಶುಲ್ಕ, ತರಬೇತಿ ಶುಲ್ಕ, ಬಸ್ಸು, ಸಮವಸ್ತ್ರ, ಮರಳಿ ಸಿಗುವ ಠೇವಣಿ, ಮರಳಿ ಸಿಗದ ಠೇವಣಿ. ಒಂದೇ ವಿಶ್ವವಿದ್ಯಾಲಯ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಪದವಿ. ಆದರೆ ಸರ್ಕಾರಿ ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ ಕಟ್ಟುವ ಹಣ ಕೆಲವು ಖಾಸಗಿ ಕಾಲೇಜುಗಳಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತದೆ. ಆ ಅಂಕಿಗಳ ಪಕ್ಕದಲ್ಲಿ, ನಮ್ಮ ಮಕ್ಕಳಿಗೆ ಅಗ್ಗದ ಸೀಟು ಎಷ್ಟನೆಯ ರ‍್ಯಾಂಕಿನವರೆಗೆ ಸಿಗುತ್ತದೆ ಎಂದು ಹೇಳುವ ಒಂದೇ ಒಂದು ಕಾಲಂ ಇತ್ತು. ತೆಗೆದದ್ದು ಅದನ್ನೇ.

ನಮ್ಮ ಭಾಗದಲ್ಲಿ ಆ ಕೋಷ್ಟಕವನ್ನು ಹೇಗೆ ಬಳಸುತ್ತಾರೆ ಎಂಬುದು ಬೆಂಗಳೂರಿನವರಿಗೆ ಗೊತ್ತಿರಲಿಲ್ಲ. ಪತ್ರಿಕೆ ಬಂದ ಬೆಳಿಗ್ಗೆಯೇ ಸೇಡಂ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯವರು ಪುಟವನ್ನು ದೊಡ್ಡದು ಮಾಡಿ ಪ್ರತಿ ತೆಗೆದು, ಲ್ಯಾಮಿನೇಷನ್ ಮಾಡಿ ಮಾರುತ್ತಾರೆ. ಚಿತ್ತಾಪುರದ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಹೋಗುತ್ತದೆ. ಚಿಂಚೋಳಿಯ ಒಬ್ಬ ಉಪನ್ಯಾಸಕರು ಅದನ್ನು ತರಗತಿಯಲ್ಲಿ ಓದಿ ಹೇಳುತ್ತಾರೆ. ಶಹಾಬಾದಿನಲ್ಲಿ ಟ್ಯೂಷನ್ ಹೇಳುವವರು ಗೋಡೆಗೆ ಅಂಟಿಸುತ್ತಾರೆ. ಕಾಲೇಜುಗಳು ಕೊನೆಯ ರ‍್ಯಾಂಕಿನ ಕ್ರಮದಲ್ಲಿ ಇರುವುದರಿಂದ ಮಕ್ಕಳು ತಮ್ಮ ರ‍್ಯಾಂಕ್ ಎಲ್ಲಿ ಬೀಳುತ್ತದೆ ನೋಡಿ ಅಲ್ಲಿ ಸ್ಕೇಲ್ ಇಟ್ಟು ಪೆನ್ಸಿಲ್ ಗೆರೆ ಹಾಕುತ್ತಾರೆ. ಗೆರೆಯ ಮೇಲಿನವು ನಮಗಲ್ಲ, ಕೆಳಗಿನವು ನಮಗೆ. ಆನ್‌ಲೈನಿನಲ್ಲಿ ಕಾಲೇಜುಗಳ ಆಯ್ಕೆ ತುಂಬುವಾಗ ಗೆರೆಯ ಕೆಳಗಿನವನ್ನು ಮಾತ್ರ ತುಂಬುತ್ತಾರೆ. ಮೇಲಿನದನ್ನು ತುಂಬಿದರೆ ಇರುವ ಸೀಟೂ ಹೋಗುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಹಾಗೇನೂ ಆಗುವುದಿಲ್ಲ. ಎಷ್ಟೋ ವರ್ಷದಿಂದ ಬರೆಯುತ್ತ ಬಂದಿದ್ದೇನೆ, ಭಯ ಹೋಗಿಲ್ಲ.

ಎರಡು ವಾರದ ನಂತರ, ಒಂದು ಭಾನುವಾರ, ವಾಡಿಯ ನಮ್ಮ ಪಕ್ಕದ ಮನೆಯ ಹುಡುಗಿ ತನ್ನ ಲ್ಯಾಮಿನೇಷನ್ ಹಾಳೆ ಹಿಡಿದು ಬಂದಳು. ಅವಳ ತಂದೆ ಭಂಕೂರಿನಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಗೆರೆ ಹಾಕಿ ಕೊಯ್ದು ಪಾಲಿಶ್ ಮಾಡುವ ಘಟಕದಲ್ಲಿ ಕೆಲಸಗಾರ, ತಾಯಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾರೆ. ಅವಳ ರ‍್ಯಾಂಕ್ ನಲವತ್ತು ಸಾವಿರದ ಆಸುಪಾಸು. ತಾನು ತುಂಬಿದ ಎಂಟು ಕಾಲೇಜುಗಳಲ್ಲಿ ಯಾವುದರ ಬಸ್ಸು ವಾಡಿಗೆ ಬರುತ್ತದೆ ಎಂದು ಕೇಳಲು ಬಂದಿದ್ದಳು. ಎಂಟೂ ಖಾಸಗಿ. ಕಲಬುರಗಿಯ ಒಂದು ಸಿಗುವುದು ಖಚಿತ ಎಂದಳು. ಅದರ ಮೊದಲ ವರ್ಷದ ಶುಲ್ಕಕ್ಕಾಗಿ ತಂದೆ ಹತ್ತು ದಿನದಿಂದ ತೆಲಂಗಾಣದ ತಾಂಡೂರಿನ ಕಲ್ಲಿನ ಘಟಕದಲ್ಲಿದ್ದರು. ಅಲ್ಲಿ ಕೆಲಸದ ಲೆಕ್ಕಕ್ಕೆ ಕೂಲಿ, ದಿನಕ್ಕೆ ಎರಡು ಪಾಳಿ ಮಾಡಬಹುದು.

ಎರಡನೆಯ ವರ್ಷಕ್ಕೆ ಏನು ಎಂದು ನಾನು ಕೇಳಿದೆ.

“ಎರಡನೇ ವರ್ಷದ್ದು ಎರಡನೇ ವರ್ಷಕ್ಕ ನೋಡಣು ಅಂದಾರಕ್ಕಾ.”

371(ಜೆ) ಪ್ರಮಾಣಪತ್ರ ಇದೆಯೇ ಎಂದೆ. ಇತ್ತು. ಸೇಡಂನ ಉಪವಿಭಾಗಾಧಿಕಾರಿ ಕಚೇರಿಗೆ ಎರಡು ಸಲ ಓಡಾಡಿ ತಂದಿದ್ದಳು. ಅರ್ಜಿಯಲ್ಲೂ ತುಂಬಿದ್ದಳು. ಹಾಗಾದರೆ ಪಕ್ಕದ ಜಿಲ್ಲೆಯ ಸರ್ಕಾರಿ ಕಾಲೇಜನ್ನು ಏಕೆ ತುಂಬಿಲ್ಲ ಎಂದಾಗ ಅವಳು ಹಾಳೆಯನ್ನು ನನ್ನ ಮುಂದೆ ತಿರುಗಿಸಿ ತೋರಿಸಿದಳು. ಆ ಕಾಲೇಜು ಗೆರೆಯ ಬಹಳ ಮೇಲಿತ್ತು. ಐದನೆಯ ಕಾಲಂ ಇಲ್ಲ ಎಂಬುದು ನನಗೆ ಕಂಡದ್ದು ಆಗ.

ಆಯ್ಕೆಗಳನ್ನು ಸೇರಿಸಲು ಮರುದಿನ, ಸೋಮವಾರ, ಸಂಜೆ ಐದು ಗಂಟೆ ಕೊನೆ. ಆಮೇಲೆ ತುಂಬಿದ ಕಾಲೇಜುಗಳನ್ನು ಅಳಿಸಬಹುದು, ಹಿಂದೆ ಮುಂದೆ ಮಾಡಬಹುದು. ಹೊಸದನ್ನು ಸೇರಿಸುವಂತಿರಲಿಲ್ಲ. ಅವಳ ಖಾತೆ ತೆರೆಯಲು ಓಟಿಪಿ ಬೇಕು. ನೋಂದಣಿ ಮಾಡುವಾಗ ಕೊಟ್ಟದ್ದು ತಂದೆಯ ಮೊಬೈಲ್ ಸಂಖ್ಯೆ. ಓಟಿಪಿ ತಾಂಡೂರಿಗೆ ಹೋಗುತ್ತದೆ.

ತಾಯಿ ಫೋನ್ ಹಚ್ಚಿ ಎರಡು ಮಾತಾಡಿ ನನಗೆ ಕೊಟ್ಟರು. ಹಿಂದೆ ಯಂತ್ರದ ಸದ್ದು. ನಾನು ಪಕ್ಕದ ಮನೆಯವಳೇ ಎಂದು ಹೇಳಿ, ಕೋಷ್ಟಕದಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ, ನಿಮ್ಮ ಮಗಳಿಗೆ ಸರ್ಕಾರಿ ಸೀಟು ಸಿಗುವ ಸಾಧ್ಯತೆ ಇದೆ, ಈಗ ಒಂದು ಓಟಿಪಿ ಬರುತ್ತದೆ, ಹೇಳಿ ಎಂದೆ.

“ಅಕ್ಕೋರ, ನೀವು ಪೇಪರ್‌ನಾಗ ಒಂದು ಬರದೀರಿ, ಈಗ ಫೋನಿನಾಗ ಒಂದು ಹೇಳಾಕತ್ತೀರಿ. ನಾ ಯಾವ್ದು ನಂಬ್ಲಿ?”

ಫೋನಿನಲ್ಲಿ ಹೇಳಿದ್ದು ನಂಬಿ ಎಂದೆ.

“ಫೋನ್ ಮಾಡಿ ಓಟಿಪಿ ಕೇಳೋರು ಯಾರರ ಖರೇ ಮಂದಿ ಇರ್ತಾರೇನ್ರಿ? ಹಿಂಗೇ ಕೇಳಿ ನಮ್ಮ ಕೂಲಿ ಮಂದಿ ಮುಕಾದಮನ ಖಾತಾ ಖಾಲಿ ಮಾಡ್ಯಾರ. ನಾಳಿ ಪೇಪರ್‌ನಾಗ ತಪ್ಪಾಗ್ಯದ ಅಂತ ಹಾಕ್ರಿ. ಇಲ್ಲಿ ಸ್ಟೇಷನ್‌ದಾಗ ತರಿಸಿ ಓದ್ತೀನಿ. ಆಮ್ಯಾಲ ಓಟಿಪಿ ಏನು, ಮನೀ ಕೀಲಿಕೈನೇ ಕೊಡ್ತೀನಿ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಕೈಯಲ್ಲಿದ್ದ ಖಚಿತ ಸೀಟಿಗಾಗಿ ಅವರು ಊರು ಬಿಟ್ಟು ಹೋಗಿದ್ದರು. ಅದನ್ನು ಮುಟ್ಟುವ ಮೊದಲು ಅಚ್ಚಿನ ಸಾಕ್ಷಿ ಕೇಳಿದರು. ಓದುಗರಿಗೆ ಹಾಗೆ ಕೇಳುವುದನ್ನು ಕಲಿಸಿದ್ದು ನಾವೇ.

ಬೆಂಗಳೂರಿನ ಡೆಸ್ಕಿನ ಮುಖ್ಯಸ್ಥರಿಗೆ ಫೋನ್ ಮಾಡಿ ಸೋಮವಾರದ ಕಲಬುರಗಿ ಆವೃತ್ತಿಯ ಮುಖಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬೇಕೆಂದು ಕೇಳಿದೆ. ತಿದ್ದುಪಡಿಗಳು ಏಳನೆಯ ಪುಟದಲ್ಲಿ, ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತವೆ, ಅದು ನಿಯಮ ಎಂದರು. ಸೋಮವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ ಎಂದೆ. ಅವರು, “ಅದು ನಿಮ್ ಕಡೆಯವ್ರಿಗೆ ಮಾತ್ರ ಬೇಕಾದ ಕಾಲಂ ಅಲ್ವಾ?” ಎಂದು ಕೇಳಿದರು.

ನಮ್ಮ ಕಡೆಯವರೂ ಅದೇ ಬೆಲೆ ಕೊಟ್ಟು ಅದೇ ಪತ್ರಿಕೆ ಕೊಳ್ಳುತ್ತಾರೆ ಎಂದೆ. ಅವರು, ಎಲ್ಲರಿಗೂ ಗೊತ್ತಿರುವ ವಿಷಯವನ್ನೇ ದೊಡ್ಡದು ಮಾಡುತ್ತಿದ್ದೀರಿ, ಆ ಮಕ್ಕಳಿಗೆ ತಮ್ಮ ಮೀಸಲಾತಿ ಗೊತ್ತಿರುವುದಿಲ್ಲವೇ ಎಂದರು. ಗೊತ್ತಿದ್ದರೆ ಕೋಷ್ಟಕ ಯಾರಿಗಾಗಿ ಎಂದು ನಾನು ಕೇಳಬೇಕಿತ್ತು. ಕೇಳುವಷ್ಟರಲ್ಲಿ ಸಂಪರ್ಕ ಕಡಿದಿತ್ತು. ಕೇಳಿದ್ದನ್ನೆಲ್ಲ ಇಮೇಲಿನಲ್ಲಿ ಬರೆದು, ಸಮಯ ನಮೂದಿಸಿ ಕಳಿಸಿದೆ. ಉತ್ತರ ಬರಲಿಲ್ಲ. ಸೋಮವಾರದ ಪತ್ರಿಕೆಯ ಮುಖಪುಟದ ಕೆಳಗೆ ಅದೇ ಖಾಸಗಿ ಕಾಲೇಜಿನ ಜಾಹೀರಾತು ಇತ್ತು. ತಿದ್ದುಪಡಿಗೆ ಸಿಗದ ಜಾಗ ಅದಕ್ಕೆ ಸಿಕ್ಕಿತ್ತು.

ಸೋಮವಾರ ಬೆಳಿಗ್ಗೆ ರಜೆ ಹಾಕಿ ಫೋನ್ ಹಿಡಿದು ಕುಳಿತೆ. ಚಿತ್ತಾಪುರದ ಪಿಯು ಕಾಲೇಜಿನವರು ನೋಟಿಸ್ ಬೋರ್ಡಿನ ಹಾಳೆ ತೆಗೆದರು, ಆದರೆ ನೋಡುವ ಮಕ್ಕಳೆಲ್ಲ ನೋಡಿ ಹೋಗಿ ಎರಡು ವಾರವಾಗಿತ್ತು. ಶಹಾಬಾದಿನ ಟ್ಯೂಷನ್‌ನವರು ತಮ್ಮ ಮಕ್ಕಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಚಿಂಚೋಳಿಯ ಉಪನ್ಯಾಸಕರು ಕೇಳಿ ಸಿಟ್ಟಾದರು. ತಾವು ತರಗತಿಯಲ್ಲಿ ಓದಿ ಹೇಳಿದ್ದನ್ನು ಈಗ ಯಾವ ಮುಖ ಇಟ್ಟುಕೊಂಡು ಸುಳ್ಳು ಎನ್ನಲಿ ಎಂದರು. ಆದರೂ ತಮ್ಮ ಬಳಿ ಸಂಖ್ಯೆ ಇದ್ದ ಮಕ್ಕಳಿಗೆಲ್ಲ ಫೋನ್ ಮಾಡಿದರು. ಎಲ್ಲರ ಸಂಖ್ಯೆ ಅವರ ಬಳಿ ಇರಲಿಲ್ಲ.

ಸೇಡಂನ ಝೆರಾಕ್ಸ್ ಅಂಗಡಿಯವರು ಪೂರ್ತಿ ಕೇಳಿಸಿಕೊಂಡರು. ಎಷ್ಟು ಮಾರಿದಿರಿ ಎಂದು ಕೇಳಿದೆ. ಲೆಕ್ಕ ಇಟ್ಟಿರಲಿಲ್ಲ.

“ನೀವು ನಾಳಿ ತಿದ್ದತೀರಿ, ಪೇಪರ್ ರದ್ದಿಗೆ ಹೋಗ್ತದ. ನಂದು ಲ್ಯಾಮಿನೇಷನ್ ಅದರಿ. ಹತ್ತು ವರ್ಷ ಹರಿಯಂಗಿಲ್ಲ ಅಂತ ನಾನೇ ಗ್ಯಾರಂಟಿ ಕೊಟ್ಟೀನಿ.”

ನಗಲಿಕ್ಕೆ ಹೇಳಿದ ಮಾತಲ್ಲ. ಅವರು ಸ್ಕೆಚ್ ಪೆನ್ನಿನಲ್ಲಿ ಒಂದು ಚೀಟಿ ಬರೆದು ಅಂಗಡಿಯ ಮುಂದೆ ಅಂಟಿಸಿ, ಅದರ ಫೋಟೋ ನನಗೆ ಕಳಿಸಿದರು. ಆ ದಿನ ನಮ್ಮ ತಪ್ಪನ್ನು ಬರವಣಿಗೆಯಲ್ಲಿ ಒಪ್ಪಿಕೊಂಡ ದಾಖಲೆ ನಮ್ಮ ಭಾಗದಲ್ಲೆಲ್ಲ ಅದೊಂದೇ. ಬರೆದದ್ದು ಪತ್ರಿಕೆಯಲ್ಲ.

ಆ ಚೀಟಿಯ ಫೋಟೋವನ್ನು ಹುಡುಗಿಯ ತಂದೆಗೆ ಕಳಿಸಿದೆ. ಅವರದು ಕೀಲಿಮಣೆಯ ಸಾದಾ ಫೋನು, ಫೋಟೋ ಹೋಗಲಿಲ್ಲ. ಎರಡು ಸಲ ಕರೆ ಮಾಡಿದೆ. ಒಮ್ಮೆ ಎತ್ತಲಿಲ್ಲ. ಇನ್ನೊಮ್ಮೆ ಎತ್ತಿ, ಪೇಪರ್ ತರಿಸಿ ನೋಡಿದೆ, ಏನೂ ಬಂದಿಲ್ಲ, ಎಂದು ಸಮಾಧಾನದಿಂದಲೇ ಹೇಳಿ ಇಟ್ಟರು.

ಮಧ್ಯಾಹ್ನ ಮೂರೂವರೆಗೆ ಹುಡುಗಿ, ಅವಳ ತಾಯಿ ನಮ್ಮ ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ತಾಯಿ ಶಾಲೆಯ ಅಡುಗೆ ಮುಗಿಸಿ ನೇರವಾಗಿ ಬಂದಿದ್ದರು. ಗಂಡನೊಡನೆ ಅವರು ಒಂದು ಸುತ್ತು ಜಗಳವಾಡಿದರು. ನಿನಗ ಏನು ತಿಳೀತದ ಎಂದು ಅತ್ತಲಿಂದ, ನಿನಗರ ಏನು ತಿಳದದ ಎಂದು ಇತ್ತಲಿಂದ. ನಾನು ಮತ್ತೆ ಮಾತಾಡಲು ಕೈ ಚಾಚಿದೆ. ಹುಡುಗಿ ತಾಯಿಯ ಕೈಯಿಂದ ಫೋನ್ ತೆಗೆದುಕೊಂಡಳು.

“ಅಪ್ಪಾ, ಪೇಪರ್‌ದಾಗ ಎಲ್ಲಾ ಬರೋಬ್ಬರಿ ಅದ. ಅಕ್ಕ ನನ್ನ ತಪ್ಪು ಮುಚ್ಚಲಿಕ್ಕ ಹಂಗ ಹೇಳ್ಯಾರ. ಗೆರೀ ನಾನೇ ತಪ್ಪು ಹಾಕೀನಿ. ನಮ್ಮ ಸಾಲು ಬಿಟ್ಟು ಬ್ಯಾರೆ ಸಾಲಿನಾಗ ನೋಡೀನಿ.”

ನಾನು ಅಲ್ಲ ಎನ್ನಲು ಬಾಯಿ ತೆರೆದೆ. ತಾಯಿ ನನ್ನ ಮೊಣಕೈ ಹಿಡಿದರು.

ಫೋನಿನಲ್ಲಿ ಯಂತ್ರದ ಸದ್ದು ನಿಂತಿತು. ಅವರು ಹೊರಗೆ ಬಂದಿರಬೇಕು, ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು.

“ಇಪ್ಪತ್ತು ವರ್ಷ ಕಲ್ಲಿನ ಮ್ಯಾಲ ಗೆರೀ ಹೊಡದವನ ಮಗಳು ನೀ. ಹಾಳಿ ಮ್ಯಾಲ ಒಂದು ಗೆರೀ ಹಾಕ್ಲಾಕ ಬರಲಿಲ್ಲೇನು ನಿನಗ? ನಿನ್ನೇ ಹೇಳಲಿಕ್ಕ ಏನಾಗಿತ್ತು?”

“ಅಂಜಕಿ ಬಂತು.”

“ಅಂಜಿದ್ರ ಎಂಜಿನಿಯರ್ ಹೆಂಗ ಆಗ್ತಿ? ಬರ್ಕೋ.”

ಮೊದಲ ಓಟಿಪಿ ತುಂಬುವಷ್ಟರಲ್ಲಿ ಅದರ ಅವಧಿ ಮುಗಿಯಿತು. ಜಾಲತಾಣ ಎರಡು ಸಲ ನಿಂತಿತು. ಎರಡನೆಯ ಓಟಿಪಿಗೆ ಖಾತೆ ತೆರೆಯಿತು. ಸರ್ಕಾರಿ ಕಾಲೇಜಿನ ಎರಡು ವಿಭಾಗಗಳನ್ನು ಸೇರಿಸಿ, ಎಂಟು ಖಾಸಗಿ ಕಾಲೇಜುಗಳ ಮೇಲಕ್ಕೆ, ಮೊದಲನೆಯ ಮತ್ತು ಎರಡನೆಯ ಸ್ಥಾನಕ್ಕೆ ತಂದಳು. ಉಳಿಸಿದಾಗ ನಾಲ್ಕು ಗಂಟೆ ನಲವತ್ತೆರಡು ನಿಮಿಷ. ಆ ಪರದೆಯ ಚಿತ್ರ ಇನ್ನೂ ನನ್ನ ಬಳಿ ಇದೆ.

ಆ ಹುಡುಗಿ ಮಾಡಿದ್ದನ್ನು ಜಾಣತನ ಎಂದು ಹಲವರು ಹೇಳಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಲಕ್ಷಗಟ್ಟಲೆ ಪ್ರತಿ ಮಾರುವ ಪತ್ರಿಕೆ ನಾಲ್ಕು ಸಾಲಿನಲ್ಲಿ ಒಪ್ಪಿಕೊಳ್ಳದ ತಪ್ಪನ್ನು ಹದಿನೆಂಟು ವರ್ಷದ ಹುಡುಗಿ ತನ್ನದೆಂದು ಹೇಳಿ ಬೈಸಿಕೊಳ್ಳಬೇಕಾಯಿತು, ಅದೂ ತನಗೆ ಹಕ್ಕಾಗಿ ಬರಬೇಕಾದ ಸೀಟನ್ನು ಬರಿ ಕೇಳುವುದಕ್ಕಾಗಿ. ಇದರಲ್ಲಿ ಮೆಚ್ಚುವಂಥದು ಏನಿದೆ ಎಂದು ನನಗೆ ತಿಳಿಯದು.

ಮಂಗಳವಾರ ಏಳನೆಯ ಪುಟದಲ್ಲಿ ತಿದ್ದುಪಡಿ ಬಂತು. ಕೋಷ್ಟಕದಲ್ಲಿ ನೀಡಿದ ರ‍್ಯಾಂಕ್‌ಗಳು ಸಾಮಾನ್ಯ ಪಟ್ಟಿಗೆ ಸಂಬಂಧಿಸಿದವು ಎಂದು ಒಂದು ವಾಕ್ಯ, ಓದುಗರು ಗಮನಿಸಬೇಕು ಎಂದು ಇನ್ನೊಂದು. ಸ್ಥಳೀಯ ಮೀಸಲಾತಿಯ ಅಂಕಿಗಳು ಅಲ್ಲಿಯೂ ಇರಲಿಲ್ಲ.

ಅದನ್ನು ಓದಿದವರಲ್ಲಿ ಚಿಂಚೋಳಿ ತಾಲ್ಲೂಕಿನ ಸುಲೇಪೇಟದ ಒಬ್ಬ ಹುಡುಗಿ ಇದ್ದಳು. ಕಲಬುರಗಿಯ ಕಚೇರಿಗೆ ಫೋನ್ ಮಾಡಿದಳು, ಕರೆಯನ್ನು ನನಗೆ ಕೊಟ್ಟರು. ತನ್ನ ರ‍್ಯಾಂಕ್ ಹೇಳಿದಳು. ವಾಡಿಯ ಹುಡುಗಿಯ ರ‍್ಯಾಂಕಿಗಿಂತ ಮೂರು ಸಾವಿರ ಮುಂದಿತ್ತು, ಅಂದರೆ ಇನ್ನೂ ಉತ್ತಮ. ಐದು ಖಾಸಗಿ ಕಾಲೇಜು ತುಂಬಿದ್ದೇನೆ, ಶುಲ್ಕ ಕೇಳಿ ಮನೆಯವರು ಬೇಡ ಅಂದಿದ್ದಾರೆ, ಈಗ ಸರ್ಕಾರಿ ಕಾಲೇಜು ಸೇರಿಸಬಹುದೇ ಎಂದು ಕೇಳಿದಳು. ನಿನ್ನೆ ಸಂಜೆ ಐದಕ್ಕೆ ಮುಗಿಯಿತು ಎಂದು ಹೇಳಿದೆ. ಹಾಗಾದರೆ ಇವತ್ತು ಯಾಕೆ ಹಾಕಿದಿರಿ ಎಂದಳು. ನಿಯಮ ಎಂದು ಹೇಳಲು ನಾಲಿಗೆ ಬರಲಿಲ್ಲ.

ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲೇ ವಾಡಿಯ ಹುಡುಗಿಗೆ ಸರ್ಕಾರಿ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗ ಸಿಕ್ಕಿತು. ತಂದೆ ತಾಂಡೂರಿನಿಂದ ಮರಳಿ ಬಂದರು. ಸುಳ್ಳನ್ನು ಹಾಗೆಯೇ ಬಿಡುವುದು ನನ್ನಿಂದಾಗಲಿಲ್ಲ. ಹುಡುಗಿಗೆ ತಿಳಿಸಿ, ತಿದ್ದುಪಡಿಯ ಕತ್ತರಿಸಿದ ತುಣುಕು ತೆಗೆದುಕೊಂಡು ತಂದೆ ಕೆಲಸ ಮಾಡುವ ಭಂಕೂರಿನ ಘಟಕಕ್ಕೆ ಹೋದೆ. ಅವರು ಕೈಯನ್ನು ಅರಿವೆಗೆ ಒರೆಸಿಕೊಂಡು, ತುಣುಕನ್ನು ಬೆಳಕಿಗೆ ಹಿಡಿದು, ಎರಡು ಸಲ ಓದಿದರು.

“ಇದು ಮಂಗಳವಾರದ್ದು ಅದಲ್ರಿ.”

ಹೌದು ಎಂದೆ.

“ಹಂಗಾದ್ರ ಆಕಿ ಗೆರೀ ಸರಿನೇ ಹಾಕಿದ್ಲು.”

ಹೌದು ಎಂದೆ. ನಿಮ್ಮ ಓಟಿಪಿಗಾಗಿ ಹಾಗೆ ಹೇಳಿದಳು ಎಂದೆ. ಅವರು ತುಣುಕನ್ನು ನನಗೆ ಮರಳಿ ಕೊಟ್ಟರು.

“ಉಳಿದ ಮಂದಿ ಮಕ್ಕಳದು ಓಟಿಪಿ ಯಾರು ಕೇಳ್ಯಾರ್ರಿ?”

ವಾಡಿಯ ಹುಡುಗಿ ಈಗ ಮೂರನೆಯ ಸೆಮಿಸ್ಟರಿನಲ್ಲಿದ್ದಾಳೆ. ಎರಡನೆಯ ವರ್ಷದ ಶುಲ್ಕವನ್ನು ಕಳೆದ ತಿಂಗಳು ಕಟ್ಟಿದರು. ಸುಲೇಪೇಟದ ಹುಡುಗಿ ಖಾಸಗಿ ಸೀಟು ಬಿಟ್ಟು ಚಿಂಚೋಳಿಯಲ್ಲಿ ಬಿ.ಎಸ್ಸಿ. ಸೇರಿದಳು. ಈ ವರ್ಷ ಸಿಇಟಿ ಮತ್ತೆ ಬರೆದಳು. ಅವಳ ರ‍್ಯಾಂಕ್ ಸ್ಥಳೀಯ ಪಟ್ಟಿ ಬಂದು ನಿಂತಿದ್ದ ಅರವತ್ತು ಸಾವಿರವನ್ನು ಹಿಂದೆ ಬಿಟ್ಟು ಎಪ್ಪತ್ತೊಂದು ಸಾವಿರ ದಾಟಿದೆ.